ಬಣ್ಣಕ್ಕೆ ಮೊದಲು

ಡಾಲಿ ಎಂದರೆ ಅಂಗೈಯಲ್ಲಿ ಹಿಡಿಸುವ ಉಕ್ಕಿನ ಗಟ್ಟಿ. ಒಂದು ಮುಖ ಚಪ್ಪಟೆ, ಇನ್ನೊಂದು ಸ್ವಲ್ಪ ಗುಂಡು, ಮತ್ತೊಂದು ಕಡೆ ಏಣು. ಎಡಗೈಯಲ್ಲಿ ಅದನ್ನು ತಗಡಿನ ಒಳಮೈಗೆ ಒತ್ತಿ ಹಿಡಿದು ಬಲಗೈಯ ಸುತ್ತಿಗೆಯಿಂದ ಹೊರಮೈ ತಟ್ಟಬೇಕು. ಏಟು ನೇರವಾಗಿ ಡಾಲಿಯ ಮೇಲೆ ಬಿದ್ದರೆ ಠಣ್ ಎನ್ನುತ್ತದೆ. ಆಗ ತಗಡು ಎರಡು ಉಕ್ಕಿನ ನಡುವೆ ಸಿಕ್ಕಿ ತೆಳುವಾಗಿ ಹರಡುತ್ತದೆ. ಏಟು ಡಾಲಿಯ ಪಕ್ಕಕ್ಕೆ ಬಿದ್ದರೆ ಧಪ್ ಎನ್ನುತ್ತದೆ. ಆಗ ಉಬ್ಬಿದ ಭಾಗ ತಗ್ಗುತ್ತದೆ, ಡಾಲಿ ಒತ್ತಿದ ಭಾಗ ಮೇಲೇಳುತ್ತದೆ. ಮಾಗಡಿಯಿಂದ ರಾಮನಗರದ ಕಡೆಗೆ ಹೋಗುವಾಗ ಊರು ಮುಗಿಯುವಲ್ಲಿ ಒಂದು ಟಿಂಕರಿಂಗ್ ಶೆಡ್ಡು ಇದೆ. ಅದರ ಮುಂದೆ ನಿಂತರೆ ಈ ಎರಡು ಸದ್ದು ಬೇರೆ ಬೇರೆಯಾಗಿ ಕೇಳುತ್ತವೆ. ಈಗೀಗ ಮೇಸ್ತ್ರಿ ತಗಡನ್ನು ಹಿಗ್ಗಿಸುತ್ತಿದ್ದಾರೋ ಬರೀ ಸಮ ಮಾಡುತ್ತಿದ್ದಾರೋ ಎಂಬುದು ರಸ್ತೆಯಲ್ಲಿ ನಿಂತೇ ನನಗೆ ತಿಳಿಯುತ್ತದೆ.

ಶೆಡ್ಡಿನೊಳಗೆ ಇರುವುದು ನಮ್ಮ ದೊಡ್ಡಪ್ಪನ ಅಂಬಾಸಿಡರ್ ಮಾರ್ಕ್ 2. 1971ರಲ್ಲಿ ಕೊಂಡದ್ದು. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರ್ ಪ್ಲೇಟು ಈಗಲೂ ಅದರ ಮೇಲಿದೆ. ದೊಡ್ಡಪ್ಪ ಡಾಕ್ಟರಾಗಿದ್ದರು. ಕುದೂರು, ಸೋಲೂರು, ತಿಪ್ಪಸಂದ್ರದ ಹಳ್ಳಿಗಳಿಗೆಲ್ಲ ಈ ಕಾರಿನಲ್ಲೇ ಹೋಗಿ ಬರುತ್ತಿದ್ದರು. ಆಗ ಆ ದಾರಿಗಳಲ್ಲಿ ಟಾರು ಕಡಿಮೆ, ಕೆಮ್ಮಣ್ಣು ಹೆಚ್ಚು. ಆ ಮಣ್ಣು ಕಾರಿನ ಹೊಟ್ಟೆಯಲ್ಲಿ ಎಷ್ಟು ಕೂತಿತ್ತೆಂದರೆ, ಮುಂದಿನ ಮಡ್‌ಗಾರ್ಡ್ ಬಿಚ್ಚಿದಾಗ ಚಕ್ರದ ಹಿಂದಿನ ಮೂಲೆಯಿಂದ ಎರಡು ಬಾಂಡ್ಲಿಯಷ್ಟು ಹೆಂಟೆ ಕೆಳಗೆ ಬಿತ್ತು. ಮೇಸ್ತ್ರಿಯ ಹುಡುಗರು ಅದನ್ನು ಗುಡಿಸಿ ಎಸೆಯಲು ಹೊರಟಾಗ ನಾನು ತಡೆದು ಒಂದು ಹಿಡಿ ತೆಗೆದಿಟ್ಟುಕೊಂಡೆ. ದೊಡ್ಡಪ್ಪ ಓಡಾಡಿದ ದಾರಿಗಳ ಮಣ್ಣು ಅದು, ಎಸೆಯಲು ಮನಸ್ಸು ಬರಲಿಲ್ಲ.

ಹಳೆಯ ಕಾರನ್ನು "ರೆಡಿ ಮಾಡಿಸುತ್ತಿದ್ದೇನೆ" ಎಂದರೆ ಜನ ಮೊದಲು ಕೇಳುವುದು ಯಾವ ಬಣ್ಣ ಎಂದು. ಅದಕ್ಕೆ ಉತ್ತರ ಹೇಳುವ ಕಾಲ ಇನ್ನೂ ಬಂದಿಲ್ಲ. ಬಣ್ಣ ಹೊಡೆಯುವುದಕ್ಕೆ ಒಂದೆರಡು ದಿನ ಸಾಕು. ಅದಕ್ಕೆ ಮೊದಲಿನ ಕೆಲಸ ತಿಂಗಳುಗಟ್ಟಲೆಯದು, ಅದೆಲ್ಲವೂ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಕಾರು ಹೊರಗೆ ಬಂದ ದಿನ ಎಲ್ಲರೂ ಪೇಂಟರನ್ನು ಹೊಗಳುತ್ತಾರೆ. ಪೇಂಟರು ಹೊಗಳಿಕೆಗೆ ಅರ್ಹರೇ. ಆದರೆ ಆ ಹೊಳಪು ನಿಂತಿರುವುದು ತಗಡು ತಿದ್ದಿದವರ ಕೈಕೆಲಸದ ಮೇಲೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಬಣ್ಣ ಕೀಳುವುದು. ರಿಮೂವರ್ ಬಳಿದು ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ, ಆಮೇಲೆ ಕರಣೆಯಲ್ಲಿ ಕೆರೆಯಬೇಕು. ಅದರ ಆವಿ ಕಣ್ಣಿಗೂ ಪುಪ್ಪುಸಕ್ಕೂ ಕೆಟ್ಟದ್ದು. ಶೆಡ್ಡಿನ ಬಾಗಿಲು ತೆಗೆದಿಟ್ಟು, ಕೈಗೆ ಗವಸು ಹಾಕಿಯೇ ಮಾಡಬೇಕಾದ ಕೆಲಸ. ಮರಳು ಚಿಮ್ಮಿಸಿ ಒಂದೇ ದಿನದಲ್ಲಿ ಕಿತ್ತುಹಾಕುವ ಯಂತ್ರವೂ ಇದೆ. ಅದು ಚಾಸಿಗೆ, ಚಕ್ರಕ್ಕೆ ಸರಿ. ಬಾನೆಟ್ಟಿನಂಥ ಅಗಲವಾದ ತಗಡಿಗೆ ಅದನ್ನು ಬಿಟ್ಟರೆ ಮರಳಿನ ಸಾವಿರ ಸಣ್ಣ ಏಟುಗಳು ಒಂದು ಮುಖವನ್ನು ಹಿಗ್ಗಿಸಿ ಇಡೀ ಹಲಗೆಯನ್ನೇ ಡೊಂಕು ಮಾಡಿಬಿಡುತ್ತವೆ. ಆದ್ದರಿಂದ ನಮ್ಮ ಶೆಡ್ಡಿನಲ್ಲಿ ಕೈಕೆಲಸವೇ.

ಕೆರೆಯುತ್ತ ಹೋದಂತೆ ಕಾರಿನ ಚರಿತ್ರೆ ಮೇಲಿಂದ ಕೆಳಕ್ಕೆ ಬಂತು. ಮೇಲೆ ಬಿಳಿ. ಅದರ ಕೆಳಗೆ ಮಾಸಿದ ಹಾಲುಗೆನೆ ಬಣ್ಣ. ಅದರ ಕೆಳಗೆ, ಬಾಗಿಲ ಸಂದಿಯಲ್ಲಿ ಮಾತ್ರ ಉಳಿದಿದ್ದ, ಕಾರ್ಖಾನೆಯಿಂದ ಬಂದಾಗಿನ ಬೂದು. ಎಡಗಡೆಯ ಹಿಂದಿನ ಬಾಗಿಲಿನಲ್ಲಿ ಬಣ್ಣದ ಕೆಳಗೆ ತಗಡು ಸಿಗಲೇ ಇಲ್ಲ. ಕರಣೆ ಇಳಿದಷ್ಟೂ ಪುಟ್ಟಿ. ಕೊನೆಗೆ ಕಿತ್ತು ಬಂದ ಹೆಕ್ಕಳೆಯ ದಪ್ಪ ನನ್ನ ಕಿರುಬೆರಳಿನಷ್ಟಿತ್ತು. ಎಂದೋ, ಯಾವುದೋ ಊರಿನ ಗ್ಯಾರೇಜಿನಲ್ಲಿ, ಬಾಗಿಲಿನ ನೆಗ್ಗನ್ನು ತೆಗೆಯದೆ ಅದರೊಳಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಕಳಿಸಿದ್ದರು. ಪುಟ್ಟಿಯೇನೂ ಕೆಟ್ಟ ವಸ್ತುವಲ್ಲ. ಪಾಲಿಯೆಸ್ಟರ್ ಅಂಟಿಗೆ ಕಲ್ಲಿನ ಪುಡಿ ಸೇರಿಸಿ ಮಾಡಿದ್ದು. ಅದರ ಜೊತೆಗೆ ಬರುವ ಸಣ್ಣ ಟ್ಯೂಬಿನ ಹಾರ್ಡನರ್ ಬೆರೆಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಎರಡು ಮೂರು ಮಿಲಿಮೀಟರ್ ಒಳಗಿದ್ದರೆ ವರ್ಷಾನುಗಟ್ಟಲೆ ಕೂರುತ್ತದೆ. ಅದಕ್ಕಿಂತ ದಪ್ಪವಾದರೆ, ಬಿಸಿಲಿಗೆ ತಗಡು ಹಿಗ್ಗುವುದೇ ಬೇರೆ ಪುಟ್ಟಿ ಹಿಗ್ಗುವುದೇ ಬೇರೆ ಆಗಿ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಮಳೆನೀರು ಇಳಿದು ಪುಟ್ಟಿಯ ಹಿಂದೆ ಕೂರುತ್ತದೆ. ಹೊರಗೆ ಕಾರು ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗೆ ತಗಡು ಕರಗುತ್ತಿರುತ್ತದೆ. ಆ ಬಾಗಿಲನ್ನು ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಅಂದು ಸ್ವಲ್ಪ ಹೊತ್ತು ಉಳಿಸಿದರು, ಅದಕ್ಕಾಗಿ ಒಳ್ಳೆಯ ತಗಡೊಂದು ಸವೆದುಹೋಯಿತು.

ಮೇಸ್ತ್ರಿಗೆ ಸಿಟ್ಟು ಬರಲಿಲ್ಲ. ಬಾಗಿಲನ್ನು ಬಿಚ್ಚಿ ಹಳೆಯ ಟೈರಿನ ಮೇಲೆ ಮಲಗಿಸಿ, ಸುತ್ತ ಒಂದು ಸುತ್ತು ಹಾಕಿ ನೋಡಿದರು.

"ಇದು ಕಂಬಕ್ಕೆ ತಾಗಿರೋದು ಸಾರ್. ಕಾರು ರಿವರ್ಸಲ್ಲಿತ್ತು. ಮೊದಲು ಇಲ್ಲಿ ತಾಗಿ, ಆಮೇಲೆ ಹಿಂಗೆ ಎಳಕೊಂಡು ಹೋಗದೆ" ಎಂದು ಬೆರಳಿನಿಂದ ತೋರಿಸಿದರು.

"ಅದು ಹೆಂಗೆ ಗೊತ್ತಾಯ್ತು ಮೇಸ್ತ್ರಿ?"

"ಏಣು ನೋಡಿ. ಕೊನೆಗೆ ಬಿದ್ದಿದ್ದು ಚೂಪಾಗಿರ್ತದೆ. ಅದನ್ನ ಮೊದಲು ಬಿಡಿಸಬೇಕು."

ನೆಗ್ಗು ಎಂದರೆ ಬರೀ ಗುಳಿ ಎಂದು ನಾವು ತಿಳಿದಿರುತ್ತೇವೆ. ಒಳಗಿನಿಂದ ಬಲವಾಗಿ ಒಂದು ಏಟು ಕೊಟ್ಟರೆ ಗುಳಿ ಹೊರಗೆ ಬರಬೇಕಲ್ಲವೇ? ಬರುವುದಿಲ್ಲ. ತಗಡು ಎಲ್ಲಿ ಮಡಚಿಕೊಂಡಿತೋ ಅಲ್ಲಿ ಉಕ್ಕಿನ ಕಣಗಳು ಒಂದರ ಮೇಲೊಂದು ಬಿಗಿದುಕೊಂಡು, ಆ ಗೆರೆ ಸುತ್ತಲಿನ ತಗಡಿಗಿಂತ ಗಡುಸಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದಾಗ ಬಗ್ಗಿದ ಜಾಗ ಬಿಗಿಯಾಗಿ ಕೊನೆಗೆ ಮುರಿಯುವುದು ಈ ಕಾರಣಕ್ಕೇ. ಗುಳಿಯ ನಡುವೆ ಇರುವುದು ಮೆತ್ತನೆಯ ತಗಡು, ಅದು ಸ್ವಲ್ಪವೂ ಕೆಟ್ಟಿರುವುದಿಲ್ಲ, ಸುತ್ತಲಿನ ಗಡುಸು ಏಣು ಅದನ್ನು ಹಿಡಿದು ಕೂರಿಸಿರುತ್ತದೆ. ನಡುವಿಗೆ ಹೊಡೆದವರು ಒಳ್ಳೆಯ ತಗಡನ್ನು ಹಿಗ್ಗಿಸಿ ಹಾಳು ಮಾಡುತ್ತಾರೆ. ಬಲ್ಲವರು ಏಣಿನ ಕೆಳಗೆ, ಹೊರಗಿನ ಅಂಚಿನಿಂದ, ಸಣ್ಣ ಸಣ್ಣ ಏಟಿನಲ್ಲಿ ಬಿಡಿಸುತ್ತ ಬರುತ್ತಾರೆ. ಪೆಟ್ಟು ಬಿದ್ದ ಕ್ರಮಕ್ಕೆ ತಿರುಗುಮುರುಗಾಗಿ ಕೆಲಸ ಸಾಗಬೇಕು. ಅರ್ಧ ದಾರಿಗೆ ಬಂದಾಗ ನಡುವಿನ ತಗಡು ಯಾರೂ ಮುಟ್ಟದೆಯೇ ಟಪ್ ಎಂದು ತನ್ನ ಜಾಗಕ್ಕೆ ಹಾರಿತು. ಆ ಸದ್ದಿಗೆ ಚಹಾ ಹಿಡಿದುಕೊಂಡು ನಿಂತಿದ್ದ ಹುಡುಗನೂ ನಕ್ಕ.

ಹಿಗ್ಗಿಹೋದ ತಗಡಿನ ಗೋಳು ಬೇರೆ. ಅದು ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಎಂದು ಪೊಕ್ ಪೊಕ್ ಮಾಡುತ್ತಿರುತ್ತದೆ. ಇದ್ದ ಜಾಗಕ್ಕಿಂತ ತಗಡು ಹೆಚ್ಚಾಗಿದೆ, ಎಲ್ಲಿಗೂ ಹೋಗಲಾರದು. ಅದನ್ನು ಕುಗ್ಗಿಸಲು ಮೇಸ್ತ್ರಿ ಗ್ಯಾಸ್ ಹಚ್ಚಿ, ಉಬ್ಬಿನ ನೆತ್ತಿಯಲ್ಲಿ ಹಳೆಯ ನಾಲ್ಕಾಣೆಯಗಲದ ಜಾಗವನ್ನು ಮಾತ್ರ ಕೆಂಪಗೆ ಕಾಯಿಸುತ್ತಾರೆ. ಕಾದ ಚುಕ್ಕೆ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ, ಆದ್ದರಿಂದ ಅದು ಮೇಲಕ್ಕೆ ಉಬ್ಬಿ ದಪ್ಪಗಾಗುತ್ತದೆ. ಕೆಂಪು ಇಳಿಯುವ ಮುಂಚೆ ಮರದ ಕೊಡತಿಯಿಂದ ಸುತ್ತಲೂ ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾರೆ. ಚುಯ್ ಎಂದು ಹಬೆ ಎದ್ದು ಚುಕ್ಕೆ ಕುಗ್ಗುವಾಗ ಸುತ್ತಲಿನ ಸಡಿಲನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಒಂದು ಚುಕ್ಕೆ ಹೆಚ್ಚಾದರೆ ಎಳೆತ ಹೆಚ್ಚಾಗಿ ತಗಡು ಇನ್ನೊಂದು ಕಡೆ ಡೊಂಕಾಗುತ್ತದೆ. ಎಷ್ಟು ಚುಕ್ಕೆ, ಎಲ್ಲೆಲ್ಲಿ ಎನ್ನುವುದಕ್ಕೆ ಅವರಲ್ಲಿ ಅಳತೆಪಟ್ಟಿ ಇಲ್ಲ. ಹಿಂದಿನ ಚುಕ್ಕೆ ಏನು ಮಾಡಿತೆಂದು ಅಂಗೈ ಆಡಿಸಿ ನೋಡಿ ಮುಂದಿನದನ್ನು ಇಡುತ್ತಾರೆ.

ಮೇಸ್ತ್ರಿಯ ತಂದೆ ಸಂತೆಗಳಲ್ಲಿ ಕೂತು ತಾಮ್ರದ ಬಿಂದಿಗೆ, ಹಂಡೆಗಳ ನೆಗ್ಗು ತೆಗೆದು ಕಲಾಯಿ ಹಾಕುತ್ತಿದ್ದವರು. ಸ್ಟೀಲು, ಪ್ಲಾಸ್ಟಿಕ್ ಬಂದ ಮೇಲೆ ಆ ಕೆಲಸ ನಿಂತಿತು. ಮಗ ಬೆಂಗಳೂರಿಗೆ ಹೋಗಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಸೇರಿಕೊಂಡರು. ಬೆಂಗಳೂರಿಗೆ ತಗಡಿನ ಕೆಲಸದ ದೊಡ್ಡ ಪರಂಪರೆ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಯುರೋಪು, ಅಮೆರಿಕ ಸುತ್ತಿ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಕಾರಿನ ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಬರಲಿಲ್ಲ. ಆದರೆ ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಅದೇ. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಅಲ್ಲಿ ಬಸ್ಸಿನ ಬಾಡಿಗಳನ್ನೂ ರೈಲ್ವೆ ಬೋಗಿಗಳನ್ನೂ ಕಟ್ಟಿದರು. ತಗಡನ್ನು ಬಗ್ಗಿಸಿ, ಹಿಗ್ಗಿಸಿ, ಸೇರಿಸುವ ಕೈಗಳು ಈ ಊರಿನಲ್ಲಿ ತಯಾರಾದದ್ದು ಹಾಗೆ.

ಇನ್ನೊಂದು ದಾರಿಯನ್ನೂ ಇದೇ ಬೆಂಗಳೂರು ನೋಡಿತು. ಸಿಪಾನಿಯವರು 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿಗೆ ಫೈಬರ್‌ಗ್ಲಾಸಿನ ಮೈ. 2001ರಲ್ಲಿ ಬಂದ ರೇವಾ ವಿದ್ಯುತ್ ಕಾರಿಗೆ ಪ್ಲಾಸ್ಟಿಕ್ ಹಲಗೆಗಳು. ತುಕ್ಕಿಲ್ಲ, ಸುತ್ತಿಗೆ ಬೇಡ. ಒಳ್ಳೆಯ ಯೋಚನೆಗಳೇ. ಆದರೂ ನನ್ನ ಒಲವು ಉಕ್ಕಿನ ಕಡೆಗೆ. ಫೈಬರ್ ಒಡೆದರೆ ತೇಪೆ ಹಾಕಬೇಕು. ಉಕ್ಕು ಬಗ್ಗಿದರೆ, ಬಲ್ಲ ಕೈಯಲ್ಲಿ, ಅದೇ ಉಕ್ಕು ಹಿಂದಿರುಗಿ ಬರುತ್ತದೆ.

ನಮ್ಮ ಜಿಲ್ಲೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಸಲು ಶುರು ಮಾಡಿತು. ದೊಡ್ಡ ಪ್ರೆಸ್ಸಿನಲ್ಲಿ ಉಕ್ಕಿನ ಹಾಳೆ ಇಟ್ಟು ಒತ್ತಿದರೆ ಬಾಗಿಲಿನ ಹೊರಮೈ ಒಂದೇ ಗುದ್ದಿಗೆ ಆಕಾರಕ್ಕೆ ಬರುತ್ತದೆ. ಮಾಗಡಿಯಿಂದ ಒಂದು ಗಂಟೆಯ ದಾರಿ. ಅಲ್ಲಿ ಕ್ಷಣದಲ್ಲಿ ಆಗುವುದನ್ನು ಇಲ್ಲಿ ಒಬ್ಬರು ವಾರಗಟ್ಟಲೆ ಮಾಡುತ್ತ ಕೂತಿದ್ದಾರೆ ಎಂದು ಯಾರಾದರೂ ಹೇಳಬಹುದು. ಎರಡೂ ಒಂದೇ ಕೆಲಸವಲ್ಲ. ಹೊಸ ಕಾರಿನ ಬಾಗಿಲು ನೆಗ್ಗಿದರೆ ಬಾಗಿಲನ್ನೇ ಬದಲಾಯಿಸುತ್ತಾರೆ, ಇನ್ಶೂರೆನ್ಸ್ ಕೊಡುತ್ತದೆ. ಈಗಿನ ತಗಡು 0.7 ಮಿಲಿಮೀಟರ್ ಆಸುಪಾಸಿನ ಗಡುಸು ಉಕ್ಕು, ಹಿಗ್ಗಿಸಿ ಕುಗ್ಗಿಸುವ ಆಟಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಹಳೆಯ ಕಾರುಗಳದು ಸಾಮಾನ್ಯವಾಗಿ 20 ಗೇಜಿನ ಮೆತ್ತನೆಯ ಉಕ್ಕು, ಸುಮಾರು 0.9 ಮಿಲಿಮೀಟರ್. ಹಿಂದೂಸ್ತಾನ್ ಮೋಟಾರ್ಸ್‌ನವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚುಗಳಿಂದ 1950ರ ದಶಕದ ಕೊನೆಯಲ್ಲಿ ಶುರು ಮಾಡಿದ ಅಂಬಾಸಿಡರ್ ಉತ್ತರಪಾಡಾದಲ್ಲಿ 2014ರಲ್ಲಿ ನಿಂತುಹೋಯಿತು. ಇನ್ನು ಮಾರ್ಕ್ 2ರ ಹೊಸ ಬಾಗಿಲನ್ನು ಯಾವ ಪ್ರೆಸ್ಸೂ ಒತ್ತುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುವುದು ಬೇರೆ ಕಾರಿನಿಂದ ಬಿಚ್ಚಿದ್ದು, ಅದಕ್ಕೂ ಅದರದೇ ನೆಗ್ಗು, ಅದರದೇ ತುಕ್ಕು. ಇರುವುದನ್ನು ಉಳಿಸಿಕೊಳ್ಳುವುದೊಂದೇ ದಾರಿ.

ತುಕ್ಕಿನ ಮಾತಿಗೆ ಬಂದರೆ, ಅದು ಕಾಣುವ ಕಡೆಯಿಂದ ಶುರುವಾಗುವುದೇ ಇಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗಲೆಂದು ಸಣ್ಣ ತೂತುಗಳಿರುತ್ತವೆ. ಕೆಮ್ಮಣ್ಣು ಅವನ್ನು ಮುಚ್ಚುತ್ತದೆ. ಆಮೇಲೆ ಜೂನಿನಿಂದ ಅಕ್ಟೋಬರಿನವರೆಗೆ ಬಾಗಿಲ ಹೊಟ್ಟೆಯಲ್ಲಿ ನೀರು ನಿಂತೇ ಇರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗದ್ದೂ ಅದೇ ಕಥೆ. ಅಂಬಾಸಿಡರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಆ ಪೆಟ್ಟಿಗೆಗಳೇ ಕಾರಿನ ಬೆನ್ನೆಲುಬು. ಅವನ್ನು ತುಕ್ಕು ತಿಂದಿದ್ದರೆ ಮೊದಲು ಬಾಗಿಲ ಚೌಕಟ್ಟಿನ ಒಳಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು, ಕಾರು ಸಮವಾಗಿ ನಿಂತಿದೆಯೇ ಎಂದು ನೋಡಿ, ಆಮೇಲೆ ಕತ್ತರಿಸಬೇಕು. ಹಾಗೆ ಮಾಡದೆ ಕತ್ತರಿಸಿದರೆ ಕಾರು ನಡುವೆ ಜೋಲುತ್ತದೆ, ಮತ್ತೆಂದೂ ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ.

ಇಲ್ಲಿ ಮೇಸ್ತ್ರಿಗೂ ನನಗೂ ಒಂದು ಚರ್ಚೆ ನಡೆಯಿತು. ತುಕ್ಕು ತಿಂದ ಜಾಗದ ಮೇಲೆ ಹೊಸ ತಗಡು ಇಟ್ಟು ಸುತ್ತ ಬೆಸುಗೆ ಹಾಕುವುದು ಸುಲಭ. ಹಳೆಯದನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ಅಳತೆಯ ತುಂಡನ್ನು ಅಂಚಿಗೆ ಅಂಚು ಕೂರಿಸಿ ಬೆಸೆಯುವುದು ಕಷ್ಟ. ಮೊದಲನೆಯದರಲ್ಲಿ ಎರಡು ತಗಡಿನ ನಡುವೆ ನೀರು ಕೂರುತ್ತದೆ. "ಟೈಮ್ ಹಿಡೀತದೆ ಸಾರ್, ದುಡ್ಡೂ ಹಿಡೀತದೆ, ಆಮೇಲೆ ಬೇಜಾರು ಮಾಡ್ಕೋಬಾರ್ದು" ಎಂದರು. ಆಗಲಿ ಎಂದೆ. ಆ ಒಂದು ಮಾತಿಗೆ ಅವರ ಮುಖ ಅರಳಿತು. ಅವರಿಗೆ ಆ ಕೆಲಸ ಗೊತ್ತಿತ್ತು, ಮಾಡಿಸುವವರು ಸಿಗುತ್ತಿರಲಿಲ್ಲ. ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ಕಾವಿಗೆ ತಗಡು ತಿರುಚುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಟ್ಟು ಮತ್ತೆ ನಡುವೆ ಒಂದು. ಮೂರಡಿ ಜೋಡಣೆಗೆ ಬೆಳಗಿನಿಂದ ಸಂಜೆಯಾಯಿತು.

ತಗಡು ಮುಗಿಯಿತು ಎನ್ನುವ ಮೊದಲು ಕಾರನ್ನು ಒಮ್ಮೆ ಪೂರ್ತಿ ಜೋಡಿಸಿ ನೋಡಬೇಕು. ಬಾಗಿಲು, ಬಾನೆಟ್ಟು, ಡಿಕ್ಕಿಯ ಸುತ್ತ ಸಂದು ಒಂದೇ ಸಮ ಇರಬೇಕು. ಬಾಗಿಲು ಹಿಂದುಗಡೆ ಇಳಿದಿದ್ದರೆ ತಪ್ಪು ತಗಡಿನದಲ್ಲ, ಹಿಂಜಿನ ಕಡ್ಡಿ ಸವೆದಿರುತ್ತದೆ. ಅದನ್ನು ಬದಲಾಯಿಸದೆ ಬಾಗಿಲಿನ ಅಂಚನ್ನು ತಟ್ಟಿ ಸಂದು ಸರಿಮಾಡಲು ಹೋದರೆ ಕೆಲಸಕ್ಕೆ ಕೊನೆಯೇ ಇಲ್ಲ. ಬಣ್ಣ ಹೊಡೆದ ಮೇಲೆ ಸಂದು ಸರಿಮಾಡುತ್ತೇವೆ ಎನ್ನುವವರ ಹತ್ತಿರ ಹಳೆಯ ಕಾರು ಬಿಡಬಾರದು.

ಆಮೇಲೆ ಶುರುವಾಗುತ್ತದೆ ನನಗೆ ಅತ್ಯಂತ ಪ್ರಿಯವಾದ ಭಾಗ. ಸುತ್ತಿಗೆ ತನ್ನಿಂದ ಆದದ್ದನ್ನೆಲ್ಲ ಮಾಡಿದ ಮೇಲೂ ತಗಡಿನಲ್ಲಿ ಕಣ್ಣಿಗೆ ಕಾಣದ ಅಲೆಗಳಿರುತ್ತವೆ. ಹಿಂದೆ ಇವನ್ನು ಸೀಸ ಮತ್ತು ತವರದ ಮಿಶ್ರಣದಿಂದ ತುಂಬುತ್ತಿದ್ದರು. ಆ ಮಿಶ್ರಣ 183 ಡಿಗ್ರಿಗೆ ಮೆತ್ತಗಾಗಲು ಶುರುವಾಗಿ, ಇನ್ನಷ್ಟು ಕಾವಿನವರೆಗೂ ಬೆಣ್ಣೆಯ ಹದದಲ್ಲಿಯೇ ಇರುತ್ತದೆ. ಆ ಹದದಲ್ಲಿ ಮೇಣ ಸವರಿದ ಮರದ ಚಪ್ಪಟೆಯಿಂದ ಹರಡುತ್ತಿದ್ದರು. ಸೀಸ ತಗಡಿಗೆ ಕಚ್ಚಿಕೊಂಡು ಅದರ ಜೊತೆಯಲ್ಲೇ ಹಿಗ್ಗಿ ಕುಗ್ಗುತ್ತದೆ. ಅದರ ಪುಡಿ ಮಾತ್ರ ವಿಷ, ಉಜ್ಜಿ ಹಾರಿಸಬಾರದು, ಅರದಲ್ಲಿ ತೆಗೆದು ಗುಡಿಸಿ ಕಟ್ಟಿಡಬೇಕು. ನಮ್ಮ ಕಾರಿನ ಛಾವಣಿಯ ಜೋಡಣೆಯಲ್ಲಿ ಸಿಕ್ಕ ಹಳೆಯ ಸೀಸವನ್ನು ಮೇಸ್ತ್ರಿ ಹಾಗೇ ಬಿಟ್ಟರು. ಉಳಿದ ಕಡೆ ತೆಳ್ಳಗೆ ಪುಟ್ಟಿ.

ಪುಟ್ಟಿಯನ್ನು ಉಜ್ಜುವುದಕ್ಕೆ ಬೆರಳಿಟ್ಟು ಪೇಪರ್ ಹಿಡಿಯಬಾರದು. ಬೆರಳು ತಗ್ಗಿನಲ್ಲಿ ತಗ್ಗುತ್ತದೆ, ಉಬ್ಬಿನಲ್ಲಿ ಏರುತ್ತದೆ, ಅಲೆ ಹಾಗೆಯೇ ಉಳಿಯುತ್ತದೆ. ಮೊಳದುದ್ದದ ಮರದ ಪಟ್ಟಿಗೆ 80ನೇ ನಂಬರಿನ ಪೇಪರ್ ಅಂಟಿಸಿ, ಓರೆಯಾಗಿ ಒಮ್ಮೆ ಹೀಗೆ, ಅದಕ್ಕೆ ಅಡ್ಡವಾಗಿ ಒಮ್ಮೆ ಹಾಗೆ ಎಳೆಯುತ್ತಾರೆ. ಉಜ್ಜುವ ಮೊದಲು ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳ್ಳಗೆ ಚಿಮುಕಿಸುತ್ತಾರೆ. ಪಟ್ಟಿ ತಾಗಿದ ಉಬ್ಬುಗಳಲ್ಲಿ ಕಪ್ಪು ಹೋಗುತ್ತದೆ, ತಾಗದ ತಗ್ಗುಗಳಲ್ಲಿ ಉಳಿಯುತ್ತದೆ. ಬಾನೆಟ್ಟಿನ ಮೇಲೆ ಹೀಗೆ ಕಪ್ಪು ನಡುಗಡ್ಡೆಗಳು ಮೂಡಿ, ಪ್ರತಿ ಸುತ್ತಿಗೂ ಸಣ್ಣಗಾಗುತ್ತ ಹೋಗಿ, ಒಂದು ಸಂಜೆ ಇಲ್ಲವಾದವು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದ್ದೇನೆ.

ನೀರು ಹಾಕಿ ಉಜ್ಜುವುದು ನಮ್ಮ ಕಡೆಯ ರೂಢಿ. ಧೂಳು ಏಳುವುದಿಲ್ಲ, ಪೇಪರ್ ಬಾಳಿಕೆ ಬರುತ್ತದೆ. ಪ್ರೈಮರ್ ಮೇಲೆ, 400, 600ರ ನಯವಾದ ಪೇಪರಿಗೆ ಅದು ಸರಿ. ಬರಿಯ ಪುಟ್ಟಿಯ ಮೇಲೆ ಸರಿಯಲ್ಲ. ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತದೆ. ಮಾಗಡಿಯ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶವೂ ಇದೆ. ಒಣಗಿದ ಮೇಲೆ ಉಳಿದ ಉಪ್ಪು ಬಣ್ಣದ ಕೆಳಗೆ ಕೂತು, ಮುಂದಿನ ಮಳೆಗಾಲದಲ್ಲಿ ತೇವವನ್ನು ಎಳೆದುಕೊಂಡು ಸಾಸಿವೆಯಂಥ ಗುಳ್ಳೆ ಎಬ್ಬಿಸುತ್ತದೆ. ನೀರು ಹಾಕದೆ ಉಜ್ಜಿ ಎಂದು ನಾನು ಕೇಳಿಕೊಂಡೆ. ಹಾಗೆ ಕೇಳಿದವರು ಹುಡುಗರಿಗೆ ಮಾಸ್ಕನ್ನೂ ತಂದುಕೊಡಬೇಕು, ತಂದುಕೊಟ್ಟೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಇಡೀ ದಿನ ಆ ಪುಡಿಯಲ್ಲಿ ನಿಲ್ಲುವ ಇಪ್ಪತ್ತರ ಹುಡುಗರನ್ನು ಯಾವ ಶೆಡ್ಡಿನಲ್ಲೂ ನೋಡಬಹುದು. ಹಾರ್ಡನರ್ ಬೆರೆಸಿ ಹೊಡೆಯುವ ಈಗಿನ ಬಣ್ಣಗಳ ಹನಿಯಂತೂ ಉಬ್ಬಸ ತರಬಲ್ಲದು. ಮಾಸ್ಕಿನ ದುಡ್ಡು ಕಾರಿನ ಖರ್ಚಿಗೇ ಸೇರಬೇಕೆಂದು ಮೇಸ್ತ್ರಿಗೂ ಹೇಳಿದ್ದೇನೆ, ಬೇರೆ ಗಿರಾಕಿಗಳಿಗೂ ಹೇಳುತ್ತೇನೆ.

ಕೊನೆಯ ಪರೀಕ್ಷೆ ಅಂಗೈಯದು. ಮೇಸ್ತ್ರಿ ತೆಳ್ಳನೆಯ ಹತ್ತಿ ಬಟ್ಟೆಯನ್ನು ತಗಡಿನ ಮೇಲಿಟ್ಟು ಅದರ ಮೇಲೆ ಕೈಯನ್ನು ಉದ್ದಕ್ಕೆ ಜಾರಿಸುತ್ತಾರೆ. ಬಟ್ಟೆ ಇದ್ದರೆ ಚರ್ಮ ಅಂಟುವುದಿಲ್ಲ, ಬೆವರೂ ತಾಗುವುದಿಲ್ಲ, ತಗ್ಗು ಚೆನ್ನಾಗಿ ತಿಳಿಯುತ್ತದೆ. ಕಣ್ಣಿಗಾದರೆ ಬಾನೆಟ್ಟಿನ ಮೇಲೆ ಥಿನ್ನರ್ ಸವರಿ ಒದ್ದೆ ಮಾಡಿ, ಶೆಡ್ಡಿನ ಟ್ಯೂಬ್‌ಲೈಟಿನ ಬಿಂಬ ನೋಡಬೇಕು. ಬಿಂಬ ನೇರವಾಗಿದ್ದರೆ ತಗಡು ನೇರ. ಬಿಂಬ ಹಾವಿನಂತೆ ಬಳುಕಿದರೆ ಪಟ್ಟಿ ಮತ್ತೆ ಕೈಗೆ ಬರುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿದ್ದೇನೆ. ಆಲೆ ಮರದ ತುಂಡನ್ನು ಚರಕಿಗೆ ಹಾಕಿ ಉಳಿಯಿಂದ ನಯ ಮಾಡುವುದಕ್ಕೇ ಅವರ ಹೆಚ್ಚು ಹೊತ್ತು ಹೋಗುತ್ತದೆ. ಆಮೇಲೆ ಅರಗಿನ ಕಡ್ಡಿ ತಾಗಿಸಿದರೆ ತಿರುಗುವ ಕಾವಿಗೆ ಬಣ್ಣ ತಾನೇ ಹತ್ತುತ್ತದೆ. ಉಳಿ ಬಿಟ್ಟ ಗೀರನ್ನು ಅರಗು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕಾರಿನ ಬಣ್ಣವೂ ಅಷ್ಟೇ. ಹೊಳಪು ಹೆಚ್ಚಿದಷ್ಟೂ ಕೆಳಗಿನ ಕುಂದು ಹೆಚ್ಚು ಕಾಣುತ್ತದೆ.

ಋತುವನ್ನೂ ನೋಡಬೇಕು. ಮಳೆಗಾಲ ತಗಡಿನ ಕೆಲಸಕ್ಕೆ ಇರಲಿ, ಬಣ್ಣಕ್ಕಲ್ಲ. ಬರಿಯ ಉಕ್ಕನ್ನು ಒಂದು ರಾತ್ರಿ ತೆರೆದಿಟ್ಟರೂ ಬೆಳಿಗ್ಗೆ ಕಂದು ಪೊರೆ ಬಂದಿರುತ್ತದೆ. ಆದ್ದರಿಂದ ಅಂದು ಬಿಡಿಸಿದ ಭಾಗಕ್ಕೆ ಅಂದೇ ಪ್ರೈಮರ್ ಬೀಳಬೇಕು. ಹಳೆಯ ಕಾರುಗಳಿಗೆ ಹೊಡೆಯುತ್ತಿದ್ದ ಡ್ಯೂಕೋ ಬಗೆಯ ಬಣ್ಣ, 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತಂದದ್ದು, ವಾರಗಟ್ಟಲೆ ಹಿಡಿಯುತ್ತಿದ್ದ ಒಣಗುವಿಕೆಯನ್ನು ಗಂಟೆಗಳಿಗೆ ಇಳಿಸಿತು. ಆದರೆ ಗಾಳಿಯಲ್ಲಿ ತೇವವಿದ್ದರೆ ಅದು ಬೂದಿ ಬಳಿದಂತೆ ಬಿಳಿಚುತ್ತದೆ. ಥಿನ್ನರ್ ಆರುವ ವೇಗಕ್ಕೆ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದರಿಂದ ಹಾಗಾಗುತ್ತದೆ. ಡಿಸೆಂಬರಿನಲ್ಲಿ ನಮ್ಮ ಮಾಗಡಿ ಅವರೆಕಾಯಿಗೆ ಸೊಗಡು ತರುವ ಇಬ್ಬನಿಯೇ ಬಣ್ಣಕ್ಕೆ ಶತ್ರು. ಏಪ್ರಿಲ್‌ನಲ್ಲಿ, ತಿರುಮಲೆ ರಂಗನಾಥನ ತೇರಿನ ಹೊತ್ತಿಗೆ, ಧೂಳು. ನಡುವೆ ಸಿಗುವ ಫೆಬ್ರವರಿಯೇ ಒಳ್ಳೆಯದು, ಅದೂ ಬೆಳಗಿನ ಹನ್ನೊಂದರ ಮೇಲೆ, ನೆಲಕ್ಕೆ ನೀರು ಚಿಮುಕಿಸಿ.

ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು. ಹೀಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂಲರೂಪ ಎಂಬ ಷರತ್ತು ನನಗೆ ಬಹಳ ಹಿಡಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಕೂಡ ಹೊಸದರಂತೆ ಮಾಡುವುದಕ್ಕಿಂತ ಇದ್ದುದನ್ನು ಕಾಪಾಡುವುದಕ್ಕೇ ಮೊದಲ ಜಾಗ ಕೊಡುತ್ತದೆ. ಗಾಂಧೀಜಿ ಓಡಾಡಿದ ಸ್ಟುಡಿಬೇಕರ್ ಧರ್ಮಸ್ಥಳದ ಸಂಗ್ರಹದಲ್ಲಿದೆ. ಅಂಥ ಕಾರಿನ ಬಾಗಿಲನ್ನು ಬದಲಾಯಿಸಿ ಹೊಸದು ಹಾಕಿದರೆ ಗಾಂಧೀಜಿ ಮುಟ್ಟಿದ ಬಾಗಿಲು ಎಲ್ಲಿ ಉಳಿಯಿತು? ನಮ್ಮದು ಸಾಮಾನ್ಯ ಡಾಕ್ಟರೊಬ್ಬರ ಕಾರು, ಆದರೂ ದೊಡ್ಡಪ್ಪ ನಡುರಾತ್ರಿ ಎಳೆದು ಮುಚ್ಚುತ್ತಿದ್ದ ಬಾಗಿಲೇ ಅದಕ್ಕೆ ಇರಬೇಕು. ಕಾರ್ಖಾನೆಯಲ್ಲೂ ಇರದಿದ್ದ ಕನ್ನಡಿ ಹೊಳಪು ತರುವ ಹುಚ್ಚೂ ನನಗೆ ಬೇಡ. ಬಾನೆಟ್ಟಿನ ತುದಿಯಲ್ಲಿ ಪ್ರೆಸ್ಸಿನವರೇ ಬಿಟ್ಟಿದ್ದ ಒಂದು ಸಣ್ಣ ಸುಕ್ಕನ್ನು ತೆಗೆಯಬೇಡಿ ಎಂದು ಹೇಳಿ ಉಳಿಸಿಕೊಂಡಿದ್ದೇನೆ.

ಸರ್ಕಾರಿ ಐಟಿಐಗಳ ಪಠ್ಯದಲ್ಲಿ ಆಟೋ ಬಾಡಿ ರಿಪೇರಿ ಎಂಬ ಒಂದು ವರ್ಷದ ತರಬೇತಿ ಇದೆ, ಪೇಂಟಿಂಗಿಗೂ ಬೇರೆಯೇ ಇದೆ. ಮೇಸ್ತ್ರಿಯ ಹತ್ತಿರ ಇರುವ ಇಬ್ಬರು ಹುಡುಗರಲ್ಲಿ ಒಬ್ಬ ಪೇಂಟಿಂಗ್ ಕಲಿಯುತ್ತೇನೆ ಎನ್ನುತ್ತಾನೆ. ಕೂಲಿ ಹೆಚ್ಚು, ಹೆಸರೂ ಬರುತ್ತದೆ. ಅವನನ್ನು ತಪ್ಪು ಎನ್ನಲಾರೆ. ಗಿರಾಕಿಗಳಾದ ನಾವು ಬಿಲ್ಲಿನಲ್ಲಿ ಬಣ್ಣಕ್ಕೆ ಎಷ್ಟಾದರೂ ಕೊಡುತ್ತೇವೆ, ಟಿಂಕರಿಂಗ್ ಎಂಬ ಸಾಲಿನಲ್ಲಿ ಚೌಕಾಸಿ ಮಾಡುತ್ತೇವೆ. ತಗಡಿನ ಕೆಲಸಕ್ಕೆ ದಿನದ ಲೆಕ್ಕದಲ್ಲಿ, ಬಣ್ಣದ ಕೂಲಿಗೆ ಸಮವಾಗಿ ಕೊಡುತ್ತೇನೆ ಎಂದು ನಾನು ಮೊದಲೇ ಮಾತು ಕೊಟ್ಟಿದ್ದೆ, ಹಾಗೆಯೇ ನಡೆದಿದೆ. ಇನ್ನೊಬ್ಬ ಹುಡುಗ ಈಗ ಡಾಲಿ ಹಿಡಿಯುತ್ತಿದ್ದಾನೆ. ಬಲಗಡೆಯ ಮುಂದಿನ ಬಾಗಿಲಿನ ಕೆಳಭಾಗ ಪೂರ್ತಿ ಅವನ ಕೆಲಸ.

ಇದೆಲ್ಲ ಬಣ್ಣದ ಕೆಳಗೆ ಹೋಗುವ ಮೊದಲು ಒಂದೊಂದು ಭಾಗದ ಫೋಟೋ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ನೋಂದಣಿಗೂ ಆಗುತ್ತದೆ, ಮುಂದೆ ಎಂದಾದರೂ ಈ ಕಾರನ್ನು ಬಿಚ್ಚುವ ಟಿಂಕರಿಗೂ ಆಗುತ್ತದೆ. ಎಡ ಹಿಂದಿನ ಬಾಗಿಲು: ಮೂಲ ತಗಡು, ಕುಗ್ಗಿಸಿದ ಜಾಗ ಹಿಡಿಯ ಕೆಳಗೆ, ಪುಟ್ಟಿ ಒಂದು ಮಿಲಿಮೀಟರಿಗಿಂತ ಕಡಿಮೆ. ಎಡ ಪೆಟ್ಟಿಗೆ: ಮೂರಡಿ ಹೊಸ ತಗಡು, ಅಂಚಿಗೆ ಅಂಚು ಬೆಸುಗೆ, ಒಳಗೆ ಮೇಣ ಹೊಡೆದಿದೆ. ಛಾವಣಿ: ಕಾರ್ಖಾನೆಯ ಸೀಸ, ಮುಟ್ಟಿಲ್ಲ, ಉಜ್ಜಬೇಡಿ. ಮಾಡಿದವರ ಹೆಸರನ್ನು ಪ್ರತಿ ಪುಟದ ಕೊನೆಗೆ ಅವರವರ ಕೈಯಲ್ಲೇ ಬರೆಸುತ್ತಿದ್ದೇನೆ. ಡಿಕ್ಕಿಯ ನೆಲದ ಪುಟ ಇನ್ನೂ ಖಾಲಿ ಇದೆ. ಸ್ಟೆಪ್ನಿ ಕೂರುವ ಗುಳಿಯಲ್ಲಿ ತುಕ್ಕು ಎಲ್ಲಿಯವರೆಗೆ ಇಳಿದಿದೆ ಎಂದು ಸೋಮವಾರ ಕೆರೆದು ನೋಡುತ್ತೇವೆ, ಅದಾದ ಮೇಲೆ ಬಣ್ಣದ ಮಾತು.